ಸೊಪ್ಪು ತೂಗಿದೆವು, ಹುಳು ತೂಗಿದೆವು. ಮಿಕ್ಕಿದ್ದು ಎಲ್ಲಿ ಹೋಯಿತು?

ಆಹಾರ ಸರಪಳಿಯ ಪಾಠದಲ್ಲಿ ಮಕ್ಕಳು ಶಕ್ತಿಯ ಹತ್ತರಲ್ಲಿ ಒಂದು ಪಾಲು ಮಾತ್ರ ಮುಂದಿನ ಹಂತಕ್ಕೆ ದಾಟುತ್ತದೆ ಅಂತ ಬಾಯಿಪಾಠ ಮಾಡುತ್ತಾರೆ. ಮಿಕ್ಕ ಒಂಬತ್ತು ಪಾಲು ಎಲ್ಲಿ ಹೋಯಿತು ಅಂದರೆ ಸುಮ್ಮನಾಗುತ್ತಾರೆ. ತೂಗಿಯೇ ನೋಡೋಣ ಅಂತ ಜಯನಗರದ ನಮ್ಮ ಶಾಲೆಯಲ್ಲಿ ರೇಷ್ಮೆ ಹುಳು ಸಾಕಿದೆವು. ಬೆಂಗಳೂರಿನವರಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಸಿಗುವುದು ಕಷ್ಟ. ರಾಮನಗರ ಹತ್ತಿರ, ಹುಳು ತಿನ್ನುವುದು ಹಿಪ್ಪುನೇರಳೆ ಸೊಪ್ಪು ಒಂದನ್ನೇ, ತಟ್ಟೆ ಬಿಟ್ಟು ಹೋಗುವುದೂ ಇಲ್ಲ.

ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ, ಎದ್ದ ಹುಳುಗಳನ್ನೇ ತಂದೆ. ಹುಳು ತನ್ನ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಪಾಲು ಈ ಕೊನೆಯ ಒಂದು ವಾರದಲ್ಲೇ ಖಾಲಿಯಾಗುತ್ತದೆ. ತಕ್ಕಡಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಹಸಿ ತೂಕವನ್ನು ನಂಬಬಾರದು. ಎಲೆಯಲ್ಲಿ ಮುಕ್ಕಾಲು ಪಾಲು ನೀರು. ಅದು ಸುಮ್ನೆ ಬಾಡಿದರೂ ತೂಕ ಇಳಿಯುತ್ತದೆ, ಅದನ್ನೂ ಹುಳು ತಿಂದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಹಾಗಾಗಿ ಸೊಪ್ಪು ಹಾಕುವಾಗಲೆಲ್ಲ ಅದೇ ಕಟ್ಟಿನಿಂದ ಒಂದು ಹಿಡಿ ತೆಗೆದು, ತೂಗಿ, ಇನ್ನು ತೂಕ ಇಳಿಯುವುದಿಲ್ಲ ಅನ್ನುವವರೆಗೆ ಓವನ್ನಿನಲ್ಲಿ ಒಣಗಿಸಿದೆವು. ತಿನ್ನದೆ ಬಿಟ್ಟ ಎಲೆ, ದಂಟು, ಹಿಕ್ಕೆ ಎಲ್ಲವನ್ನೂ ಬೇರೆ ಬೇರೆ ಒಣಗಿಸಿದೆವು. ಹಿಕ್ಕೆಯನ್ನು ಲೆನ್ಸ್ ಹಿಡಿದು ನೋಡಿ: ಕಡು ಹಸಿರು ಕಾಳು, ಉದ್ದಕ್ಕೂ ಆರು ಗೀರು. ಹುಳುಗಳನ್ನು ಮಾತ್ರ ಒಣಗಿಸಲು ಮಕ್ಕಳು ಬಿಡಲಿಲ್ಲ. ನನಗೂ ಮನಸ್ಸಿರಲಿಲ್ಲ. ಮೈಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರು ಅಂತ ಹಿಡಿದು ಲೆಕ್ಕ ಹಾಕಿದೆವು.

ತಿಂದ ಒಣ ಸೊಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಕ್ಕೆಯಾಗಿ ಹೊರಬಂದಿತ್ತು. ಮೈಗೆ ಹತ್ತಿದ್ದು ಸುಮಾರು ಐದರಲ್ಲಿ ಒಂದು ಪಾಲು. ಎರಡನ್ನೂ ಕೂಡಿಸಿದರೂ ಲೆಕ್ಕ ಸರಿಹೋಗಲಿಲ್ಲ. ಆಗ ಹುಳುಗಳನ್ನು ಸ್ವಲ್ಪ ಹೊತ್ತು ಮುಚ್ಚಿದ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಒಂದು ಬಟ್ಟಲು ಸುಣ್ಣದ ತಿಳಿನೀರು ಇಟ್ಟೆ. ನೀರಿನ ಮೇಲೆ ಬಿಳಿ ಕೆನೆ ಕಟ್ಟಿತು. ಇಂಗಾಲದ ಡೈಆಕ್ಸೈಡ್ ತಗುಲಿದರೆ ಸುಣ್ಣದ ನೀರು ಹೀಗಾಗುತ್ತದೆ. ಕಾಣೆಯಾದ ಸೊಪ್ಪು ಉಸಿರಾಗಿ, ಇಂಗಾಲದ ಡೈಆಕ್ಸೈಡ್ ಆಗಿ ಹೋಗಿತ್ತು. ಈ ಪಾಠದ ಜೀವಾಳವೇ ಅದು.

ಐದರಲ್ಲಿ ಒಂದು ಅಂದರೆ ನೂರಕ್ಕೆ 20 ಆಯ್ತಲ್ವಾ ಮಿಸ್, ಪುಸ್ತಕದಲ್ಲಿ 10 ಅಂತಿದೆಯಲ್ಲ ಅಂತ ಒಬ್ಬಳು ಹಿಡಿದಳು. ಒಳ್ಳೆಯ ಪ್ರಶ್ನೆ. ನಾವು ತೂಗಿದ್ದು ಹುಳುವಿನ ಬಾಯಿಗೆ ಹೋದ ಸೊಪ್ಪನ್ನು ಮಾತ್ರ. ಪುಸ್ತಕದ ಲೆಕ್ಕ ಇಡೀ ಹಂತದ್ದು. ಯಾರೂ ತಿನ್ನದ ಬೇರು, ಕಾಂಡ, ಉದುರಿದ ಎಲೆ ಎಲ್ಲ ಅದರೊಳಗಿದೆ. 1942ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೇಮಂಡ್ ಲಿಂಡೆಮನ್ ಎಂಬ ಪರಿಸರ ವಿಜ್ಞಾನಿ ಅಮೆರಿಕದ ಒಂದು ಕೆರೆಯಲ್ಲಿ ಹೀಗೆ ಹಂತ ಹಂತವಾಗಿ ಲೆಕ್ಕ ಹಾಕಿದಾಗಲೂ ಪ್ರತಿ ಹಂತಕ್ಕೆ ಬೇರೆ ಬೇರೆ ಸಂಖ್ಯೆ ಬಂದಿತ್ತು. 10 ಅನ್ನುವುದು ಒಂದು ಅಂದಾಜು ಅಷ್ಟೇ. ಮೇಲಾಗಿ ಹುಳು ಮೈ ಬೆಚ್ಚಗಿಡಲು ಏನೂ ಖರ್ಚು ಮಾಡುವುದಿಲ್ಲ. ಮಡಿವಾಳ ಕೆರೆಯ ಕೊಕ್ಕರೆಗೆ ಆ ಖರ್ಚೇ ದೊಡ್ಡದು. ಅರಗಿಸಿಕೊಂಡ ಮೀನಿನಲ್ಲಿ ಅದರ ಮೈಯಾಗುವುದು ನೂರಕ್ಕೆ ಒಂದೆರಡು ಪಾಲು.

ನೀವೂ ಮಾಡುವುದಾದರೆ, ಔಷಧಿ ಹೊಡೆದ ತೋಟದ ಸೊಪ್ಪು ಬೇಡವೇ ಬೇಡ. ಒಂದೇ ಊಟಕ್ಕೆ ಹುಳುಗಳೆಲ್ಲ ಸಾಯಬಹುದು.