ಧಾರವಾಡದ ಬೇಸಿಗೆಯಲ್ಲಿ ನನ್ನ ಉಪ್ಪುನೀರಿನ ಟ್ಯಾಂಕ್

ನಮ್ಮ ಮನೆ ಇರುವುದು ಧಾರವಾಡದ ಸಪ್ತಾಪುರದಲ್ಲಿ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ಪಡಸಾಲೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೇನೆ. ಎರಡು ಕ್ಲೌನ್ ಮೀನು, ಒಂದು ಫೈರ್‌ಫಿಶ್, ನಾಲ್ಕೈದು ಮೆತ್ತನೆಯ ಹವಳ.

ಮೊದಲ ಏಪ್ರಿಲ್‌ನಲ್ಲೇ ಕಷ್ಟ ಶುರುವಾಯಿತು. ಹೊರಗೆ 37 ಡಿಗ್ರಿ, ಟ್ಯಾಂಕಿನ ನೀರು 31. ಮೀನುಗಳು ಮೇಲೆ ಬಂದು ಜೋರಾಗಿ ಉಸಿರಾಡುತ್ತಿದ್ದವು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೀನಿಗೆ ಮಾತ್ರ ಆಗಲೇ ಅದು ಜಾಸ್ತಿ ಬೇಕು. ಗಾಬರಿಯಾಗಿ ಎರಡು ಲೀಟರಿನ ಮೂರು ಬಾಟಲಿಗಳಲ್ಲಿ ಐಸ್ ಮಾಡಿ ತೇಲಿಬಿಟ್ಟೆ. ಸಂಜೆಗೆ 28ಕ್ಕೆ ಇಳಿಯಿತು. ಐಸ್ ಕರಗಿದ ಮೇಲೆ ಮತ್ತೆ 30. ಮೂರು ದಿನ ಹೀಗೇ ಏರಿಳಿತ. ಹವಳಗಳು ಮುದುಡಿಕೊಂಡು ತೆರೆಯಲೇ ಇಲ್ಲ. ಒಂದೇ ಸಮ 27 ಇದ್ದರೂ ಅವು ಸಹಿಸುತ್ತವೆ, ದಿನಕ್ಕೆ ಮೂರು ಡಿಗ್ರಿ ಹತ್ತಿ ಇಳಿದರೆ ಸಹಿಸುವುದಿಲ್ಲ. ಇದು ಅರ್ಥವಾಗಲು ನನಗೆ ಒಂದು ಹವಳ ಕಳೆದುಕೊಳ್ಳಬೇಕಾಯಿತು.

ದಾರಿ ತೋರಿಸಿದ್ದು ಅವ್ವ. "ಹರವಿಗೆ ಹಸಿ ಅರಿವಿ ಸುತ್ತಿ ಗಾಳಿಗೆ ಇಟ್ರ ನೀರು ತಣ್ಣಗಾಗತೈತಿ. ಇದಕ್ಕೂ ಗಾಳಿ ಹಚ್ಚು," ಅಂದಳು. ಲೆಕ್ಕ ಹಾಕಿ ನೋಡಿದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ, 200 ಲೀಟರ್ ನೀರನ್ನು ಸುಮಾರು ಮೂರು ಡಿಗ್ರಿ ಇಳಿಸುವಷ್ಟು. ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿದೆ, ಫೈರ್‌ಫಿಶ್ ಜಿಗಿಯುವ ಜಾತಿ ಅಲ್ವಾ. ಒಂದು ಚಿಕ್ಕ ಫ್ಯಾನನ್ನು ನೀರಿನ ಮೇಲ್ಮೈ ಸವರುವಂತೆ ಓರೆಯಾಗಿ ಕೂರಿಸಿದೆ. ಮರುದಿನ ಮಧ್ಯಾಹ್ನ 28 ದಾಟಲಿಲ್ಲ.

ಆದರೆ ಇಲ್ಲಿಯೇ ದೊಡ್ಡ ತಪ್ಪು ಮಾಡಿದೆ. ದಿನಕ್ಕೆ ಮೂರು ಲೀಟರ್ ಆವಿಯಾಗುತ್ತಿತ್ತು. ನಾನು ಉಪ್ಪುನೀರನ್ನೇ ತುಂಬಿಸುತ್ತಾ ಹೋದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ವಾರ ಕಳೆಯುವಷ್ಟರಲ್ಲಿ ನೀರಿನ ಉಪ್ಪಿನಂಶ ತೋರಿಸುವ ಸಾಂದ್ರತೆ 1.025 ಇದ್ದದ್ದು 1.027 ದಾಟಿತ್ತು. ಈಗ ಆರ್‌ಒ ಸಿಹಿನೀರನ್ನಷ್ಟೇ ಹಾಕುತ್ತೇನೆ. ಅದನ್ನೂ ಬೆಳಿಗ್ಗೆ ಅರ್ಧ, ಸಂಜೆ ಅರ್ಧ.

ಇನ್ನೊಂದು ತೊಡಕಿತ್ತು. ನಮ್ಮ ಧಾರವಾಡದ ರಾತ್ರಿ ಬೇಸಿಗೆಯಲ್ಲೂ ತಂಪು. ಫ್ಯಾನ್ ಸುಮ್ನೆ ರಾತ್ರಿಯಿಡೀ ತಿರುಗಿದರೆ ಬೆಳಗಿನ ಜಾವ ನೀರು 24ಕ್ಕೆ ಬೀಳುತ್ತಿತ್ತು. ಹಾಗಾಗಿ ಟೆಂಪರೇಚರ್ ಕಂಟ್ರೋಲರ್ ತಂದೆ. 26.5 ಆದರೆ ಫ್ಯಾನ್ ಆನ್, 26ಕ್ಕೆ ಆಫ್. ಹೀಟರ್ 25ಕ್ಕಿಂತ ಕೆಳಗೆ ಹೋದರೆ ಮಾತ್ರ. ನಡುವೆ ಈ ಅಂತರ ಬಿಡದಿದ್ದರೆ ಎರಡೂ ಒಂದರ ವಿರುದ್ಧ ಇನ್ನೊಂದು ಓಡುತ್ತಿರುತ್ತವೆ. ಸೆನ್ಸರ್ ಹೀಟರಿನ ಪಕ್ಕ ಇರಬಾರದು, ನೀರು ಹರಿಯುವ ಜಾಗದಲ್ಲಿರಬೇಕು.

ಟ್ಯಾಂಕನ್ನೂ ಬಿಸಿಲು ಬಡಿಯುವ ಪಶ್ಚಿಮದ ಗೋಡೆಯಿಂದ ಒಳಗಿನ ಗೋಡೆಗೆ ಸರಿಸಿದೆ. ಲೈಟು ಈಗ ಸಂಜೆ ಐದರಿಂದ ಹನ್ನೊಂದರವರೆಗೆ. ಮಧ್ಯಾಹ್ನದ ಕಾವಿಗೆ ಲೈಟಿನ ಕಾವು ಸೇರುವುದಿಲ್ಲ. ಮೀನು ನೋಡಲು ನಾನೂ ಆ ಹೊತ್ತಿಗೆ ಮನೆಯಲ್ಲಿರುತ್ತೇನೆ.

ಮೇ ತಿಂಗಳಲ್ಲಿ ಮಳೆ ಬರುವ ಮುಂಚಿನ ಧಗೆ ಮಾತ್ರ ಕಷ್ಟ. ಗಾಳಿಯಲ್ಲಿ ತೇವ ತುಂಬಿರುತ್ತದೆ, ಫ್ಯಾನ್‌ನಿಂದ ಒಂದು ಡಿಗ್ರಿ ಇಳಿದರೆ ಹೆಚ್ಚು. ಅಂಥ ದಿನ ಕಿಟಕಿ ತೆರೆದಿಟ್ಟು ಹೊಸ ಗಾಳಿ ಬಿಡುತ್ತೇನೆ, ಲೈಟು ಆರಿಸುತ್ತೇನೆ, ತಿಂಡಿ ಕಡಿಮೆ ಹಾಕುತ್ತೇನೆ. ನೀರು ತಂಪು ಮಾಡುವ ಯಂತ್ರ, ಅಂದರೆ ಚಿಲ್ಲರ್, ಕೊಂಡರೆ ಕೆಲಸ ಸುಲಭ. ಆದರೆ ಅದರ ಬೆಲೆಯೂ ಕರೆಂಟ್ ಬಿಲ್ಲೂ ನನಗೆ ಹೊರೆ. ಜೊತೆಗೆ ಅದು ಟ್ಯಾಂಕಿನ ಬಿಸಿಯನ್ನು ತೆಗೆದು ಅದೇ ಕೋಣೆಗೆ ಬಿಡುತ್ತದೆ.

ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಪಂಪ್ ಮತ್ತು ಫ್ಯಾನ್ ಮಾತ್ರ ಓಡುತ್ತವೆ. ಹೀಟರನ್ನು ಅದಕ್ಕೆ ಜೋಡಿಸಿಲ್ಲ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಡಿಸೆಂಬರ್ ರಾತ್ರಿ ಕರೆಂಟ್ ಹೋದರೆ ಗಾಜಿನ ಸುತ್ತ ಅವ್ವನ ಹಳೇ ಕೌದಿ ಹೊದಿಸುತ್ತೇನೆ.