ಮುಕ್ಕಬೇಕಾದ್ದು ಮುಖದಿಂದಲ್ಲ

ಚೊಚ್ಚಲ ಹೆರಿಗೆಯ ಮರುದಿನ ಕನ್ನಡಿ ನೋಡಿ ಬೆಚ್ಚಿಬಿದ್ದೆ. ಎರಡೂ ಕಣ್ಣಿನ ಬಿಳಿಭಾಗ ಕೆಂಪಾಗಿತ್ತು. ಮಗುವನ್ನು ಹೊರಕ್ಕೆ ತಳ್ಳಲು ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ ಮುಕ್ಕಿದ್ದಕ್ಕೆ ಸಣ್ಣ ರಕ್ತನಾಳಗಳು ಒಡೆದಿದ್ದವು. ಅಪಾಯವೇನಿರಲಿಲ್ಲ, ಎರಡು ವಾರದಲ್ಲಿ ತಿಳಿಯಾಯಿತು. ಆದರೆ ಕೆಳಗೆ ಹೋಗಬೇಕಾದ ಶಕ್ತಿಯೆಲ್ಲ ಮುಖಕ್ಕೆ ಹೋಗಿತ್ತು, ಅಲ್ವಾ?

ಎರಡನೆಯ ಸಲ ತಯಾರಿ ಮಾಡಿಕೊಂಡೆ. ಎರಡನೆಯ ಹೆರಿಗೆ ಹೇಗೂ ಸಾಮಾನ್ಯವಾಗಿ ಬೇಗ ಆಗುತ್ತದೆ, ಹಾಗಾಗಿ ಎಲ್ಲ ಹೆಗ್ಗಳಿಕೆ ತಯಾರಿಗೇ ಕೊಡುವುದಿಲ್ಲ. ಆದರೂ ಕಣ್ಣು ಬೆಳ್ಳಗೇ ಉಳಿಯಿತು.

ಕೆಳಗೆ ಸಡಿಲ ಬಿಡುವುದನ್ನು ಕಲಿಯುವ ಜಾಗ ಟಾಯ್ಲೆಟ್. ನಗಬೇಡಿ. ಮಗು ಇಳಿಯುವಾಗ ಬರುವ ಒತ್ತಡ ಥೇಟ್ ಮಲ ಬಂದ ಹಾಗೇ ಇರುತ್ತದೆ. ಕಮೋಡ್ ಆದರೆ ಕಾಲ ಕೆಳಗೆ ಪುಟ್ಟ ಸ್ಟೂಲ್ ಇಟ್ಟುಕೊಳ್ಳಿ. ದವಡೆ ಸಡಿಲ ಬಿಡಿ. ದೀಪ ಆರಿಸುವ ಹಾಗೆ ನಿಧಾನವಾಗಿ ಊದಿ. ಊದುತ್ತಾ ಹೋದಂತೆ ಗುದದ ಸುತ್ತ ಬಿಗಿ ಕಳಚಿ ಕೆಳಕ್ಕೆ ಬಿಚ್ಚಿಕೊಳ್ಳುವುದು ಗೊತ್ತಾಗುತ್ತದೆ. ಆ 'ಬಿಟ್ಟುಕೊಡುವ' ಅನುಭವ ನೆನಪಿಟ್ಟುಕೊಂಡರೆ ಸಾಕು, ಬಸಿರಲ್ಲಿ ಜೋರಾಗಿ ಮುಕ್ಕಿ ಅಭ್ಯಾಸ ಮಾಡಬೇಡಿ. ಕೆಳಗಿನ ಸ್ನಾಯು ಮೇಲಕ್ಕೆ ಎಳೆದು ಬಿಗಿ ಮಾಡುವ ವ್ಯಾಯಾಮವನ್ನು ಎಲ್ಲರೂ ಹೇಳಿಕೊಡುತ್ತಾರೆ. ಸಡಿಲ ಬಿಡುವುದನ್ನು ನನಗೆ ಯಾರೂ ಹೇಳಿರಲಿಲ್ಲ.

ಸುಮಾರು 35ನೇ ವಾರದಿಂದ ಯೋನಿಯ ಕೆಳಅಂಚಿಗೆ ಮಸಾಜ್ ಮಾಡಬಹುದು, ಡಾಕ್ಟರನ್ನು ಕೇಳಿಕೊಂಡು. ಕೈ ತೊಳೆದು, ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಸ್ವಲ್ಪವೇ ಒಳಗಿಟ್ಟು, ಕೆಳಕ್ಕೂ ಪಕ್ಕಕ್ಕೂ ಮೆತ್ತಗೆ ಒತ್ತುವುದು. ವಾರಕ್ಕೆ ಒಂದೆರಡು ಸಲ ಸಾಕು. ಚೊಚ್ಚಲಿನವರಿಗೆ ಇದರಿಂದ ಹೊಲಿಗೆ ಬೀಳುವುದು ಸ್ವಲ್ಪ ಕಡಿಮೆಯಾಗುತ್ತದೆ.

ಇನ್ನು ಆ ಹೊತ್ತಿನ ಮಾತು. ಗರ್ಭದ ಬಾಯಿ 10 ಸೆಂಟಿಮೀಟರ್ ತೆರೆದ ಕೂಡಲೇ ಮುಕ್ಕಲೇಬೇಕು ಅಂತಿಲ್ಲ. ಮಗು ಚೆನ್ನಾಗಿದ್ದರೆ, ಒತ್ತಡ ತಾನಾಗಿ ಬರುವವರೆಗೆ ಕಾಯಬಹುದು. ಗರ್ಭದ ಬಾಯಿ ಪೂರ್ತಿ ತೆರೆಯುವ ಮೊದಲೇ ಮುಕ್ಕಬೇಕು ಅನ್ನಿಸಿದರೆ ನರ್ಸ್ ಕರೆದು ಪರೀಕ್ಷೆ ಮಾಡಿಸಿ. ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ತೆಗೆದುಕೊಂಡಿದ್ದರೆ ಒತ್ತಡ ಮಂಕಾಗಿರುತ್ತದೆ, ನೋವು ಬಂದದ್ದನ್ನು ಅವರೇ ಹೇಳುತ್ತಾರೆ. ನೋವು ಏರಿದಾಗ ಮುಕ್ಕಿ, ಇಳಿದಾಗ ಕೈಕಾಲು ಚೆಲ್ಲಿ ಮಲಗಿ. ಆ ಒಂದೆರಡು ನಿಮಿಷ ನಾನು ಮೊದಲ ಸಲ ಗಡಿಯಾರ ನೋಡುತ್ತಾ ಹಾಳು ಮಾಡಿಕೊಂಡೆ. ಬಾಯಿ ಪೂರ್ತಿ ತೆರೆದ ಮೇಲೂ ಮೊದಲ ಮಗುವಿಗೆ 3 ಗಂಟೆವರೆಗೆ ಹಿಡಿಯಬಹುದು. ತಲೆ ಕಾಣಿಸಿ ಮತ್ತೆ ಒಳಗೆ ಜಾರುತ್ತದೆ. ಅದು ಸೋಲಲ್ಲ, ಚರ್ಮ ಹಿಗ್ಗುವುದೇ ಹಾಗೆ.

ಅಂಗಾತ ಮಲಗಿ ಆಗದಿದ್ದರೆ ಪಕ್ಕಕ್ಕೆ ಹೊರಳಬಹುದೇ, ಮಂಡಿಯೂರಬಹುದೇ ಅಂತ ಮುಂಚೆಯೇ ಆಸ್ಪತ್ರೆಯಲ್ಲಿ ಕೇಳಿಡಿ. ಮೂತ್ರ ತುಂಬಿಸಿಕೊಳ್ಳಬೇಡಿ. ಮಲ ಹೋಗಬಹುದು, ಹೋಗಲಿ. ನರ್ಸ್ ಒರೆಸಿ ಮುಂದಿನ ಕೆಲಸ ನೋಡುತ್ತಾರೆ.

ಕೊನೆಗೆ ಬೆಂಕಿ ತಾಗಿದ ಹಾಗೆ ಉರಿಯುತ್ತದೆ. ತಲೆ ಹೊರಬರುತ್ತಿದೆ ಎಂದರ್ಥ. ಆಗ ಡಾಕ್ಟರೋ ನರ್ಸೋ 'ಸಾಕು, ಮುಕ್ಕಬೇಡಿ' ಅಂದರೆ ಬಾಯಿ ತೆರೆದು 'ಹಾ ಹಾ' ಎಂದು ಪುಟ್ಟ ಉಸಿರು ಬಿಡಿ. ತಲೆ ನಿಧಾನವಾಗಿ ಬಂದಷ್ಟೂ ಒಳ್ಳೆಯದು. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಯೋನಿಯ ಕೆಳಅಂಚಿಗೆ ಒತ್ತಿ ಹಿಡಿಯಲು ಹೇಳಿ. ಮಗುವಿನ ಎದೆಬಡಿತ ಇಳಿದು ಅವರು 'ಈಗಲೇ ಮುಕ್ಕಿ' ಅಂದರೆ ಮಾತ್ರ ನನ್ನ ಮಾತು ಬಿಟ್ಟು ಅವರದ್ದನ್ನೇ ಕೇಳಿ.

ಜೊತೆಗಿರುವವರಿಗೂ ಒಂದು ಕೆಲಸ ಕೊಡಿ. ನನ್ನ ಗಂಡನಿಗೆ ನಾನು ಕೊಟ್ಟದ್ದು ಎರಡೇ ಪದ: 'ದವಡೆ ಸಡಿಲ.' ನಲವತ್ತು ಸಲ ಹೇಳಿರಬೇಕು. ಒಂದು ಸಲ ಬೈದೂ ಬೈದೆ, ಆದರೆ ಹಲ್ಲು ಕಚ್ಚಿರಲಿಲ್ಲ.