ಜರ್ಮನಿಯಲ್ಲಿ ಓದುವಾಗ ಶನಿವಾರ ಆದಿತ್ಯವಾರ ತಿರುಗುದು ಹೇಗೆ: ನಮ್ಮ ಕಾಸರಗೋಡಿನ ಮಕ್ಕಳಿಗೆ

ಕುಂಬ್ಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ಮಾಸ್ಟರ್ಸಿಗೆ ಅಂತ ಜರ್ಮನಿಗೆ ಹೊರಟ ಮಕ್ಕಳು ನನ್ನ ಹತ್ರ ಕೇಳುದು ಒಂದೇ, ಅಕ್ಕ, ಕಡಿಮೆ ದುಡ್ಡಲ್ಲಿ ವೀಕೆಂಡಿಗೆ ಎಲ್ಲಿಗೆ ಹೋಗ್ಬಹುದು ಅಂತ. ನಾನು ಓದಿದ್ದು ಸ್ಟುಟ್‌ಗಾರ್ಟಲ್ಲಿ, ಹಾಗಾಗಿ ಆ ಕಡೆಯದ್ದನ್ನೇ ಹೇಳ್ತೇನೆ.

ಮೊದ್ಲು ಟಿಕೆಟ್. ಡಾಯ್ಚ್‌ಲಾಂಡ್ ಟಿಕೆಟ್ ಅಂತ ಉಂಟು, 2023ರ ಮೇ ತಿಂಗಳಲ್ಲಿ 49 ಯೂರೋಗೆ ಸುರುವಾದ್ದು, 2025ರಲ್ಲಿ 58 ಆಯ್ತು, 2026ರ ಜನವರಿಯಿಂದ 63. ತಿಂಗಳಿಡೀ ದೇಶದ ಎಲ್ಲ ಲೋಕಲ್ ರೈಲು, ಬಸ್ಸು, ಟ್ರಾಮು ಅದರಲ್ಲೇ ಆಗ್ತದೆ. ಐಸಿಇ, ಐಸಿ ಅಂತ ಬರೆದ ದೂರದ ರೈಲಿಗೆ ಆಗುದಿಲ್ಲ, ಆರ್‌ಇ, ಆರ್‌ಬಿ, ಎಸ್ ಅಂತ ಇದ್ರೆ ಹತ್ತಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ರೆ 60 ಯೂರೋ ದಂಡ. ಇದು ತಿಂಗಳು ತಿಂಗಳು ತಾನಾಗಿ ದುಡ್ಡು ಕಟ್ ಆಗುವಂಥದ್ದು, ಮುಂದಿನ ತಿಂಗಳಿಗೆ ಬೇಡ ಅಂತಾದ್ರೆ ಈ ತಿಂಗಳ 10ನೇ ತಾರೀಕಿನ ಒಳಗೆ ಕ್ಯಾನ್ಸಲ್ ಮಾಡ್ಬೇಕು, ರಜೆಗೆ ಊರಿಗೆ ಬರುವವರು ಇದನ್ನು ಮರೀಬೇಡಿ. ಸ್ಟುಟ್‌ಗಾರ್ಟ್ ಇರುವ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 27 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಇದೇ ಟಿಕೆಟ್ ಕಡಿಮೆ ದರಕ್ಕೆ ಸಿಗ್ತದೆ, ಮೊದ್ಲು ಅದನ್ನು ಕೇಳಿ.

ಮತ್ತೆ ಪ್ಲಾನ್. ಇದನ್ನು ಹಿಂದಿನಿಂದ ಸುರು ಮಾಡಿ, ಅಂದ್ರೆ ರಾತ್ರಿ ವಾಪಸ್ ಬರುವ ಕೊನೇ ರೈಲು ಯಾವುದು ಅಂತ ನೋಡಿ, ಅದರ ಮೊದಲಿನದ್ದಕ್ಕೆ ಬರುದು ಅಂತ ಇಟ್ಕೊಳ್ಳಿ, ಕೊನೇದ್ದು ಕ್ಯಾನ್ಸಲ್ ಆಗುದುಂಟು, ಆಗ ಚಳಿಯಲ್ಲಿ ಬೆಳಗಿನವರೆಗೆ ಸ್ಟೇಷನ್ನಲ್ಲಿ ಕೂತ್ಕೊಳ್ಳಬೇಕಾಗ್ತದೆ. ರೈಲು ಬದಲಿಸ್ಲಿಕ್ಕೆ 5 ನಿಮಿಷ ಸಾಕು ಅಂತ ಆಪ್ ತೋರಿಸಿದ್ರೆ ಅದನ್ನು ಬಿಟ್ಟು 15 ನಿಮಿಷ ಇರುವುದನ್ನು ಹಿಡೀರಿ. ಸ್ಪೀಕರಲ್ಲಿ "ಹೊಯ್ಟೆ ಔಫ್ ಗ್ಲೈಸ್" ಅಂತ ಕೇಳಿದ್ರೆ ಕಿವಿ ಕೊಡಿ, ಇವತ್ತು ಬೇರೆ ಪ್ಲಾಟ್‌ಫಾರ್ಮಿಗೆ ಬರ್ತದೆ ಅಂತ ಅರ್ಥ.

ಇನ್ನೊಂದು ನಮ್ಮಲ್ಲಿ ಇಲ್ಲದ ಕ್ರಮ, ಅರ್ಧ ದಾರಿಯಲ್ಲಿ ರೈಲು ಎರಡಾಗುದು. ಫ್ರೈಬುರ್ಗಿಂದ ಬ್ಲಾಕ್ ಫಾರೆಸ್ಟ್ ಅನ್ನುವ ಕಾಡುಗುಡ್ಡದ ಸೀಮೆಗೆ ಹೋಗುವಾಗ ಟಿಟಿಸೇ ಸ್ಟೇಷನ್ನಲ್ಲಿ ಒಂದು ತುಂಡು ಜೇಬ್ರುಗ್ಗಿಗೆ, ಇನ್ನೊಂದು ಫಿಲ್ಲಿಂಗನ್ನಿಗೆ ಹೋಗುದು. ನಾನು ಕಿಟಕಿ ಸೀಟು ಸಿಕ್ತು ಅಂತ ಮುಂದಿನ ಬೋಗಿಗೆ ಹೋಗಿ ಕೂತಿದ್ದೆ, ಗೆಳತಿ ಹಿಂದೆ, ನೋಡ್ತಾ ನೋಡ್ತಾ ಅವಳ ಬೋಗಿ ಅಲ್ಲೇ ನಿಂತಿತು, ನನ್ನದು ಹೊರಟಿತು, ಬುತ್ತಿ ಅವಳ ಬ್ಯಾಗಲ್ಲಿ. ಹತ್ತುವಾಗ ಬಾಗಿಲ ಪಕ್ಕದ ಬೋರ್ಡಲ್ಲಿ ಯಾವ ಊರ ಹೆಸರು ಉಂಟು ಅಂತ ಓದಿಯೇ ಹತ್ತಿ.

ಬುತ್ತಿ ಅಂದೆ ಅಲ್ವ, ಅದು ಬೇಕೇ ಬೇಕು. ಆದಿತ್ಯವಾರ ಅಲ್ಲಿ ಅಂಗಡಿಗಳು ಬಂದ್, ದೊಡ್ಡ ಸ್ಟೇಷನ್ನಿನ ಒಳಗಿನದ್ದು ಮಾತ್ರ ತೆರೆದಿರ್ತದೆ. ಚಪಾತಿ, ಮಿಡಿ ಉಪ್ಪಿನಕಾಯಿ, ಮೊಸರನ್ನ ಕಟ್ಕೊಳ್ಳಿ. ನೀರಿನ ಬಾಟ್ಲಿ ಬಿಸಾಡ್ಬೇಡಿ, ಸೂಪರ್‌ಮಾರ್ಕೆಟ್ಟಿನ ಮಿಷನ್ನಿಗೆ ಹಾಕಿದ್ರೆ 25 ಸೆಂಟ್ ವಾಪಸ್.

ಗಡಿ ದಾಟುದು ನಮಗೆ ಹೊಸತಲ್ಲ, ಕಾಲೇಜಿಗೂ ಆಸ್ಪತ್ರೆಗೂ ತಲಪಾಡಿ ದಾಟಿ ಮಂಗಳೂರಿಗೆ ಹೋದವರು ನಾವು. ಗಡಿಯಲ್ಲಿರುವ ಜರ್ಮನಿಯ ಊರು ಕಾನ್‌ಸ್ಟಾನ್ಸ್‌ಗೆ ಹೋದ್ರೆ ಕೆರೆ ಬದಿಯಲ್ಲೇ ನಡ್ಕೊಂಡು ಸ್ವಿಟ್ಜರ್‌ಲ್ಯಾಂಡಿನ ಕ್ರೊಯ್ಟ್ಸ್‌ಲಿಂಗನ್ನಿಗೆ ದಾಟ್ಬಹುದು, ಮೊದ್ಲು ಬೇಲಿ ಇದ್ದ ಜಾಗದಲ್ಲಿ ಈಗ 22 ಶಿಲ್ಪ ನಿಲ್ಲಿಸಿದ್ದಾರೆ. 2020ರಲ್ಲಿ ಕೊರೊನಾ ಬಂದಾಗ ತಲಪಾಡಿ ಮುಚ್ಚಿದ ಹಾಗೇ ಅಲ್ಲಿಯೂ ಪುನಃ ಬೇಲಿ ಹಾಕಿದ್ರು, ಎರಡು ಕಡೆಯ ಮನೆಯವರು ಬೇಲಿಯ ಆಚೆ ಈಚೆ ನಿಂತು ಮಾತಾಡಿದ್ರಂತೆ, ಅದು ಕೇಳಿ ನನಗೆ ಹೊಟ್ಟೆ ಚುರ್ ಅಂತು. ಗಡಿ ದಾಟುವಾಗ ಪಾಸ್‌ಪೋರ್ಟ್ ಮತ್ತೆ ರೆಸಿಡೆನ್ಸ್ ಕಾರ್ಡ್ ಎರಡೂ ಕೈಯಲ್ಲಿರ್ಲಿ, ಫೋಟೋ ಸಾಕಾಗುದಿಲ್ಲ. ಫೋನಿನ ರೋಮಿಂಗ್ ಆಸ್ಟ್ರಿಯಾದಲ್ಲಿ ಫ್ರೀ, ಸ್ವಿಟ್ಜರ್‌ಲ್ಯಾಂಡಲ್ಲಿ ಎಲ್ಲ ಪ್ಲಾನಿಗೂ ಇಲ್ಲ, ದಾಟುವ ಮೊದ್ಲು ಡೇಟಾ ಆಫ್ ಮಾಡಿ.

ಆದ್ರೆ ನೀವು ಮೊದ್ಲು ಹೋಗ್ಬೇಕಾದ್ದು ಟ್ಯೂಬಿಂಗನ್ನಿಗೆ ಅಂತ ನಾನು ಹೇಳುದು, ಸ್ಟುಟ್‌ಗಾರ್ಟಿಂದ ಸುಮಾರು ಒಂದು ಗಂಟೆ. 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ತೀರಿಹೋದದ್ದು ಆ ಊರಲ್ಲಿ, 1903ರಲ್ಲಿ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಸುರು ಮಾಡಿದ ಮೋಗ್ಲಿಂಗ್ ಕೂಡ ಇದೇ ಸೀಮೆಯವರು. ಇಬ್ರೂ ನಮ್ಮ ಕಡೆಗೆ ಬಂದದ್ದು ಬಾಸೆಲ್ ಮಿಷನ್ನಿಂದ, ಅಂದ್ರೆ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನ್, ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೂ ಅವರೇ. ನೆಕ್ಕರ್ ನದಿಯ ಸಂಕದ ಮೇಲೆ ನಿಂತು ಹಳೇ ಮನೆಗಳ ಕೆಂಪು ಮಾಡು ನೋಡುವಾಗ ನನಗೆ ನಮ್ಮ ಮನೆಯ ಅಟ್ಟ ನೆನಪಾಯ್ತು, ಮಳೆಗಾಲಕ್ಕೆ ಮೊದ್ಲು ಅಜ್ಜ ಒಡೆದ ಹಂಚು ಬದಲಿಸುವಾಗ ನಾನು ಕೆಳಗಿಂದ ಎತ್ತಿ ಕೊಡ್ತಿದ್ದೆ, ಧೂಳು ಒರೆಸಿದ್ರೆ ಹಂಚಿನ ಮೇಲೆ ಬಾಸೆಲ್ ಮಿಷನ್ ಅಂತ ಇಂಗ್ಲಿಷ್ ಅಚ್ಚು.

ಆ ಬಾಸೆಲ್ಲಿಗೂ ಹೋಗ್ಬಹುದು. ಬಾಡಿಷರ್ ಬಾನ್‌ಹೋಫ್ ಸ್ಟೇಷನ್ ಇರುದು ಸ್ವಿಟ್ಜರ್‌ಲ್ಯಾಂಡಲ್ಲಿ, ಆದ್ರೂ ಡಾಯ್ಚ್‌ಲಾಂಡ್ ಟಿಕೆಟ್ ಅಲ್ಲಿವರೆಗೆ ಆಗ್ತದೆ. ಅಲ್ಲಿಂದ ರೈನ್ ನದಿ ದಾಟಿ ಮುಕ್ಕಾಲು ಗಂಟೆ ನಡೆದ್ರೆ ಮಿಷನ್ಸ್ ಸ್ಟ್ರಾಸೆ, ಮಿಷನ್ ಮನೆ ಈಗಲೂ ಅಲ್ಲೇ ಉಂಟು. ಒಳಗಿನ ಹಳೇ ಕಾಗದಪತ್ರ, ಫೋಟೋ ನೋಡ್ಬೇಕಾದ್ರೆ ಮೊದ್ಲೇ ಮೈಲ್ ಹಾಕಿ ಕೇಳಿ. ಹೊರಡುವ ಹಿಂದಿನ ದಿನ ಮನೆಗೆ ಫೋನ್ ಮಾಡಿ, ಯಾರನ್ನಾದ್ರೂ ಅಟ್ಟಕ್ಕೆ ಹತ್ತಿಸಿ, ಒಂದು ಹಂಚು ಒರೆಸಿ ಅಚ್ಚಿನ ಫೋಟೋ ಕಳಿಸ್ಲಿಕ್ಕೆ ಹೇಳಿ.